ಕೆಂಪು ದಾರದ ಗುರುತು

ಚಳಿಗಾಲ ಇನ್ನೂ ಹೊಸ್ತಿಲು ದಾಟಿ ಹೋಗಿರಲಿಲ್ಲ, ಟೈಲರಕ್ಕನ ಅನುಮಾನ ಮಾತ್ರ ಆಗಲೇ ಚಿಗುರಿತ್ತು.

ಬೀದಿಯವರೆಲ್ಲ ಅವಳನ್ನು ಟೈಲರಕ್ಕ ಎಂದೇ ಕರೆಯುತ್ತಿದ್ದರು. ಮುಂದಿನ ಕೋಣೆಯ ಕಿಟಕಿಗೆ ಮೆಷಿನ್ನು ಒತ್ತರಿಸಿಕೊಂಡು ಕೂತರೆ ಮಕ್ಕಳ ಯೂನಿಫಾರ್ಮು, ಕಿಟಕಿಯ ಪರದೆ, ದಿಂಬಿನ ಚೀಲ, ಶಾಲೆಯ ಬ್ಯಾಗು, ಕೈಗೆ ಬಂದದ್ದನ್ನೆಲ್ಲ ಹೊಲಿದು ಎಸೆಯುವವಳು. ಗೋಡೆಯಾಚೆ, ಅದೇ ಮನೆಯ ಇನ್ನರ್ಧದಲ್ಲಿ, ಅವಳ ವಾರಗಿತ್ತಿ. ಮೈದುನನ ಹೆಂಡತಿ. ಆಸ್ಪತ್ರೆಯಲ್ಲಿ ನರ್ಸು. ಗಂಡಂದಿರಿಬ್ಬರೂ ಒಂದೇ ಲಾರಿಯಲ್ಲಿ ಊರೂರು ಸುತ್ತುವವರು. ಒಬ್ಬ ಸ್ಟೇರಿಂಗು ಹಿಡಿದರೆ ಇನ್ನೊಬ್ಬ ಪಕ್ಕದಲ್ಲಿ ಗೊರಕೆ ಹೊಡೆಯುವವನು. ಮೊಣಕಾಲು ಚಾಚಲೂ ಆಗದ ಆ ಕ್ಯಾಬಿನ್ನಿನಲ್ಲಿ ಅಣ್ಣತಮ್ಮಂದಿರು ವರ್ಷಗಟ್ಟಲೆ ನಗುನಗುತ್ತ ಕಾಲ ಹಾಕಿದರು. ಇಷ್ಟಗಲದ ಹಿತ್ತಲಲ್ಲಿ ಅವರ ಹೆಂಡಿರಿಗೆ ಜಾಗ ಸಾಲಲಿಲ್ಲ.

ಹಿತ್ತಲಲ್ಲಿ ಒಂದು ದ್ರಾಕ್ಷಿಬಳ್ಳಿಯಿತ್ತು. ಇಬ್ಬರಿಗೂ ಅತ್ತೆಯಾಗಿದ್ದವಳು ತನ್ನ ಕೈಯಾರೆ ನೆಟ್ಟದ್ದು. ಬುಡ ಟೈಲರಕ್ಕನ ಕಡೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಚಪ್ಪರ ಮಾತ್ರ ಎರಡೂ ಮನೆಯ ಹಿಂಬಾಗಿಲ ಮೇಲೆ ಹಬ್ಬಿತ್ತು. ಅತ್ತೆ ಹೋದ ಮೇಲೆ ಮನೆ ಪಾಲಾಯಿತು, ಮಂಚ ಪಾಲಾಯಿತು, ಪಾತ್ರೆಪಡಗ ಪಾಲಾಯಿತು. ಏಣಿ ಟೈಲರಕ್ಕನಿಗೆ ಬಂತು, ಎತ್ತರದ ಸ್ಟೂಲು ವಾರಗಿತ್ತಿಗೆ ಹೋಯಿತು. ಬಳ್ಳಿಯ ಮಾತನ್ನು ಯಾರೂ ಎತ್ತಲಿಲ್ಲ. ಬುಡ ಇರುವುದು ನನ್ನ ಕಡೆ, ಹಾಗಾಗಿ ಬಳ್ಳಿ ನನ್ನದು ಎಂದು ಟೈಲರಕ್ಕ ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದಳು. ನೆರಳು ಬೀಳುವುದು ನನ್ನ ಬಾಗಿಲಿಗೂ ಎಂದು ವಾರಗಿತ್ತಿಯೂ ಅಂದುಕೊಂಡಿದ್ದಿರಬೇಕು. ಕೇಳಿದವರಿಲ್ಲ.

ಚಳಿ ಬಿರುಸಾಗಿದ್ದಾಗಲೇ ಬಳ್ಳಿಯನ್ನು ಸವರಬೇಕು. ಟೈಲರಕ್ಕ ಏಣಿ ಹತ್ತಿ ಎರಡೂ ಕಡೆ ಕಡ್ಡಿಗಳನ್ನು ಸವರಿದಳು. ಕತ್ತರಿಸಿದ್ದರಲ್ಲಿ ಪೆನ್ಸಿಲ್ಲಿನ ದಪ್ಪದ, ಗಿಣ್ಣು ಚೆನ್ನಾಗಿರುವ ಕಡ್ಡಿಗಳನ್ನು ಆರಿಸಿ, ಬೇಲಿಯುದ್ದಕ್ಕೂ ನೆಡೋಣವೆಂದು ಬಕೆಟ್ಟಿನ ನೀರಿನಲ್ಲಿ ನಿಲ್ಲಿಸಿದಳು. ಮರುದಿನ ಬೆಳಿಗ್ಗೆ ನೋಡಿದರೆ ಬಕೆಟ್ಟು ಸೊರಗಿತ್ತು. ಬಿಗಿಯಾಗಿ ನಿಂತಿದ್ದ ಕಡ್ಡಿಗಳು ಸಡಿಲವಾಗಿ ಒಂದು ಕಡೆಗೆ ವಾಲಿಕೊಂಡಿದ್ದವು.

ವಾರಗಿತ್ತಿ ಆಚೆ ಕಡೆ ಬಟ್ಟೆ ಹರವುತ್ತಿದ್ದಳು.

"ಏನೇ, ಬಕೆಟ್ಟಲ್ಲಿದ್ದ ಕಡ್ಡಿ ಏನಾದ್ರೂ ನೋಡಿದ್ಯಾ?"

"ಯಾವ ಕಡ್ಡಿ ಅಕ್ಕಾ?"

"ದ್ರಾಕ್ಷಿ ಕಡ್ಡಿ ಕಣೇ. ಕಾಲು ಬಂದು ನಡ್ಕೊಂಡು ಹೋಗಿದ್ಯೇನೋ ಅಂತ ಕೇಳ್ದೆ."

"ಕಾಲಿದ್ರೆ ಆಸ್ಪತ್ರೆಗೆ ಬಂದಿರುತ್ತೆ, ನೋಡಿ ಹೇಳ್ತೀನಿ," ಎಂದು ವಾರಗಿತ್ತಿ ನಕ್ಕಳು. ಆದರೆ ತಿರುಗಿ ನೋಡಲಿಲ್ಲ. ಒದ್ದೆ ಸೀರೆಯನ್ನು ಬೇಕಾದ್ದಕ್ಕಿಂತ ಹೆಚ್ಚೇ ಕೊಡವಿದಳು.

ಆ ಕೊಡವುವಿಕೆ ಟೈಲರಕ್ಕನ ಕಣ್ಣಿಗೆ ಬಿತ್ತು. ಬಾಯಿ ತಡೆಯಲಿಲ್ಲ. "ಆಸ್ಪತ್ರೆ ಕೆಲಸದವ್ರ ಕೈ ಸ್ವಲ್ಪ ಉದ್ದ ಅಂತ ಕೇಳಿದ್ದೆ. ಈಗ ನೋಡ್ದೆ."

ವಾರಗಿತ್ತಿಯ ನಗು ಅಲ್ಲೇ ಇಂಗಿಹೋಯಿತು. ಬಟ್ಟೆ ತಂದಿದ್ದ ತನ್ನ ಖಾಲಿ ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. ಅಂದಿನಿಂದ ಮಾತು ನಿಂತಿತು. ಒಂದೇ ಗೇಟಿನಲ್ಲಿ ಎದುರುಬದುರಾದರೂ ಒಬ್ಬಳು ಚಪ್ಪಲಿ ನೋಡುವಳು, ಇನ್ನೊಬ್ಬಳು ಆಕಾಶ ನೋಡುವಳು.

ಬಿಸಿಲು ನಿಧಾನಕ್ಕೆ ಬಣ್ಣ ಬದಲಿಸಿತು. ಬೆಳಗಿನ ನೀರು ಕೈ ಕೊರೆಯುವುದನ್ನು ಬಿಟ್ಟಿತು. ಬಳ್ಳಿಯ ಗಿಣ್ಣುಗಳು ಉಬ್ಬಿ, ಉಣ್ಣೆಯಂಥ ಮೊಗ್ಗು ಒಡೆದು, ಎಳೆ ಚಿಗುರು ಬೆರಳುದ್ದ, ಗೇಣುದ್ದ ಬಂತು. ಬೇರೆ ವರ್ಷವಾಗಿದ್ದರೆ ಟೈಲರಕ್ಕ ಟೀ ಲೋಟ ಹಿಡಿದು ಅದರ ಕೆಳಗೆ ನಿಂತು ಸುಮ್ಮನೆ ನೋಡುತ್ತಿದ್ದಳು. ಈ ಸಲ ನೋಡುವುದು ಕಾಯುವುದಾಗಿತ್ತು. ಕಡ್ಡಿ ಕದ್ದವಳು ಚಿಗುರು ಬಿಟ್ಟಾಳೆಯೇ?

ಟೈಲರಕ್ಕನ ಕಸುಬಿನಲ್ಲಿ ಒಂದು ಪದ್ಧತಿಯಿತ್ತು. ಹೊಲಿಯಲು ಬಂದ ಬಟ್ಟೆಗಳು ಒಂದರಲ್ಲೊಂದು ಬೆರೆಯಬಾರದೆಂದು ಒಬ್ಬೊಬ್ಬರ ಬಟ್ಟೆಯ ಅಂಚಿಗೂ ಒಂದೊಂದು ಬಣ್ಣದ ದಾರದ ಗಂಟು ಹಾಕುವಳು. ಆ ಗಂಟು ನೋಡಿಯೇ ಇದು ಮಾಸ್ತರರ ಅಂಗಿ, ಇದು ಮೂಲೆಮನೆಯವರ ಪರದೆ ಎಂದು ಕಣ್ಣು ಮುಚ್ಚಿ ಹೇಳುವಳು. ಇಷ್ಟು ವರ್ಷದಲ್ಲಿ ಒಂದು ಬಟ್ಟೆಯೂ ಅದಲುಬದಲಾಗಿರಲಿಲ್ಲ. ಬಟ್ಟೆಗೆ ನಡೆಯುವುದು ಬಳ್ಳಿಗೆ ಯಾಕೆ ನಡೆಯಬಾರದು? ಬ್ಯಾಗು ಹೊಲಿಯುವ ಕೆಂಪು ನೈಲಾನ್ ದಾರ ತೆಗೆದುಕೊಂಡು ಏಣಿ ಹತ್ತಿದಳು. ಎಳೆದರೆ ಬೆರಳು ಕುಯ್ದೀತೇ ಹೊರತು ಹರಿಯದ ದಾರ. ಒಂದೊಂದು ಚಿಗುರಿನ ಬುಡಕ್ಕೂ ಒಂದೊಂದು ಸುತ್ತು ಬಿಗಿದು ಗಂಟು ಹಾಕಿದಳು. ತನ್ನ ಕಡೆಯದಕ್ಕೂ ಹಾಕಿದಳು, ವಾರಗಿತ್ತಿಯ ಬಾಗಿಲ ಮೇಲಿನದಕ್ಕೂ ಹಾಕಿದಳು. ಇನ್ನು ಒಂದು ಚಿಗುರು ಮುರಿದರೂ ಗೊತ್ತಾಗಲಿ, ಅಂದುಕೊಂಡಳು.

ಕೆಲವು ದಿನ ಎಲ್ಲ ಸರಿಯಿತ್ತು. ಆಮೇಲೊಂದು ಬೆಳಿಗ್ಗೆ ವಾರಗಿತ್ತಿಯ ಕಡೆ ಒಂದು ದಾರ ಕಾಣೆಯಾಗಿತ್ತು. ಚಿಗುರು ಇದ್ದಲ್ಲೇ ಇತ್ತು, ದಾರ ಮಾತ್ರ ಇಲ್ಲ. ಮರುದಿನ ಇನ್ನೊಂದಿಲ್ಲ. ಮೆಷಿನ್ನಿನ ಮುಂದೆ ಕೂತರೂ ಟೈಲರಕ್ಕನ ಕಿವಿ ಹಿತ್ತಲಲ್ಲೇ ಇರುತ್ತಿತ್ತು. ಸ್ಟೂಲು ಎಳೆದ ಸದ್ದು ಕೇಳಿ ಓಡಿಹೋದರೆ ಅಲ್ಲಿ ಸ್ಟೂಲೂ ಇಲ್ಲ, ವಾರಗಿತ್ತಿಯೂ ಇಲ್ಲ, ಅವಳ ಹಿಂಬಾಗಿಲ ಚಿಲಕ ಮಾತ್ರ ಇನ್ನೂ ಅಲ್ಲಾಡುತ್ತಿತ್ತು.

ನೆಲದ ಮೇಲೆ ದಾರದ ಒಂದು ತುಂಡು ಸಿಕ್ಕಿತು. ಅದನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದಳು. ಜಗ್ಗಿದ್ದಲ್ಲ, ಹಲ್ಲಲ್ಲಿ ಕಚ್ಚಿದ್ದಲ್ಲ, ಅಡುಗೆಮನೆಯ ಮೊಂಡು ಕತ್ತರಿಯದ್ದೂ ಅಲ್ಲ. ಒಂದೇ ಏಟಿಗೆ ಚೊಕ್ಕವಾಗಿ ಕತ್ತರಿಸಿದ ತುದಿ. ದಾರದ ವಿಷಯದಲ್ಲಿ ಟೈಲರಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇದು ಕೈ ಪಳಗಿದವರ ಕೆಲಸ. ಗುರುತು ಅಳಿಸಿ, ನಾಳೆ ಇದೆಲ್ಲ ನಂದೇ ಅನ್ನೋ ಹುನ್ನಾರ!

ಅಷ್ಟರಲ್ಲಿ ಅದಕ್ಕಿಂತ ದೊಡ್ಡ ಏಟು ಬಿತ್ತು. ಟೈಲರಕ್ಕನ ಕಡೆಯ ಚಿಗುರುಗಳು ಬಾಡತೊಡಗಿದವು. ಮೊದಲು ತುದಿ ಜೋತುಬಿತ್ತು, ಆಮೇಲೆ ಎಲೆಯಂಚು ಕಂದಾಯಿತು. ನೀರು ಹಾಕಿದಳು, ಬುಡ ಕೆದಕಿ ಗೊಬ್ಬರ ಹಾಕಿದಳು, ಏನೂ ಪ್ರಯೋಜನವಾಗಲಿಲ್ಲ. ಆಚೆ ನೋಡಿದರೆ ವಾರಗಿತ್ತಿಯ ಬಾಗಿಲ ಮೇಲೆ ಬಳ್ಳಿ ಹಸಿರು ಕಕ್ಕುತ್ತಿತ್ತು. ಒಂದೇ ಬುಡ, ಒಂದೇ ಬಿಸಿಲು. ಹಾಗಾದರೆ ಇದು ಬಳ್ಳಿಯ ರೋಗವಲ್ಲ, ಮನುಷ್ಯರದು.

ವಾರಗಿತ್ತಿಯ ಹಿಂಬದಿಯ ಕಿಟಕಿಯಲ್ಲಿ ಪರದೆ ಯಾವಾಗಲೂ ಎಳೆದೇ ಇರುತ್ತಿತ್ತು. ಆ ಪರದೆ ಹೊಲಿದುಕೊಟ್ಟವಳೂ ಟೈಲರಕ್ಕನೇ. ಬಿಸಿಲು ಅಡ್ಡಬಿದ್ದಾಗ ಅದರ ಹಿಂದೆ ಬಾಟಲಿಗಳ ನೆರಳು ಸಾಲಾಗಿ ಮೂಡುತ್ತಿತ್ತು. ಆಸ್ಪತ್ರೆಯ ಸಲೈನ್ ಬಾಟಲಿಗಳು. ಅದರಲ್ಲಿ ಏನಿದೆ? ನರ್ಸಿಗೆ ಯಾವ ಔಷಧಿ ಏನು ಮಾಡುತ್ತದೆಂದು ಗೊತ್ತಿರದೇ ಇರುತ್ತದೆಯೇ? ಟೈಲರಕ್ಕ ಅಂದೇ ಗಾರೆ ಮೇಸ್ತ್ರಿಗೆ ಹೇಳಿಕಳಿಸಿದಳು. ಹಿತ್ತಲ ನಡುವೆ ಗೋಡೆ ಏಳಬೇಕು.

ಮೇಸ್ತ್ರಿ ಬಂದ. ಎರಡು ಗೂಟ ಹೊಡೆದು, ಹಗ್ಗ ಕಟ್ಟಿ, ತಲೆಯೆತ್ತಿ ಚಪ್ಪರ ನೋಡಿದ.

"ಅಮ್ಮಾ, ಗೋಡೆ ಈ ಸಾಲಿಗೆ ಬರುತ್ತೆ. ಚಪ್ಪರದ ಆ ಭಾಗ ಕಡೀಬೇಕು."

"ಕಡೀರಿ."

"ಅಲ್ಲಮ್ಮಾ, ಹಸಿರಾಗಿರೋದೇ ಆ ಭಾಗ. ಹಸಿರು ಕಡಿದು ಒಣಗಿದ್ದು ಇಟ್ಕೋತೀರಾ?"

"ಮೇಸ್ತ್ರೀ, ನೀವು ಗೋಡೆ ಕಟ್ಟೋಕೆ ಬಂದಿದ್ದೀರೋ, ಪಂಚಾಯ್ತಿ ಮಾಡೋಕೋ?"

"ನಂದೇನು ಹೋಗುತ್ತೆ. ಆಮೇಲೆ ಮೇಸ್ತ್ರಿ ಕಡಿದ ಅಂತ ನನ್ನ ಮೇಲೆ ಬರಬೇಡಿ ಅಷ್ಟೇ." ಅವನು ಕಿವಿಯ ಸಂದಿಯಿಂದ ಪೆನ್ಸಿಲ್ಲು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿಕೊಂಡ.

ಟೈಲರಕ್ಕನೂ ತಲೆಯೆತ್ತಿ ಚಪ್ಪರ ನೋಡಿದಳು. ಅತ್ತೆ ಕೊನೆಯ ದಿನಗಳಲ್ಲಿ ಮಂಚ ಹಾಕಿಸಿಕೊಂಡು ಮಲಗುತ್ತಿದ್ದದ್ದು ಇದೇ ಚಪ್ಪರದ ಕೆಳಗೆ. ಹಸಿರು ಕಡಿದರೆ ಬಳ್ಳಿಯೇ ಮುಗಿದಂತೆ. ಕಡಿಯದಿದ್ದರೆ ವಾರಗಿತ್ತಿ ಗೆದ್ದಂತೆ.

ಗೇಟು ಕಿರುಗುಟ್ಟಿತು. ವಾರಗಿತ್ತಿ ಡ್ಯೂಟಿ ಮುಗಿಸಿ ಬಂದಿದ್ದಳು. ಗೂಟ ನೋಡಿದಳು, ಹಗ್ಗ ನೋಡಿದಳು.

"ಅಂತೂ ಶುರು ಮಾಡಿದ್ರಿ," ಎಂದಳು. ಅಷ್ಟು ದಿನಗಳ ಮೇಲೆ ಬಂದ ಮೊದಲ ಮಾತು ಅದು.

"ಶುರು ಮಾಡಿದ್ದು ನೀನು! ಕಡ್ಡಿ ಕದ್ದೆ, ಗುರುತಿನ ದಾರ ಕತ್ತರಿಸಿದೆ, ಈಗ ನನ್ನ ಕಡೆ ಬಳ್ಳಿಗೆ ಏನು ಸುರಿದಿದ್ದೀಯ ಹೇಳು. ಆ ಬಾಟ್ಲಿಗಳಲ್ಲಿ ಏನಿದೆ?"

"ಯಾವ ಬಾಟ್ಲಿ?"

"ನಾನು ಹೊಲಿದುಕೊಟ್ಟ ಪರದೆ ಹಿಂದೆ ಬಚ್ಚಿಟ್ಟಿದ್ದೀಯಲ್ಲ, ಆ ಬಾಟ್ಲಿ!" ಎಂದವಳೇ ಟೈಲರಕ್ಕ ಹಗ್ಗ ದಾಟಿ, ತೆರೆದಿದ್ದ ಕಿಟಕಿಗೆ ಕೈ ಹಾಕಿ ಪರದೆ ಸರಿಸಿದಳು.

ಕುತ್ತಿಗೆ ಕತ್ತರಿಸಿದ ಸಲೈನ್ ಬಾಟಲಿಗಳು ಸಾಲಾಗಿ ಕೂತಿದ್ದವು. ಒಳಗೆ ಬರೀ ನೀರು. ನೀರಿನಲ್ಲಿ ದ್ರಾಕ್ಷಿ ಕಡ್ಡಿ. ಕಡ್ಡಿಯ ಬುಡದಲ್ಲಿ ಬಿಳಿ ಬೇರು, ತುದಿಯಲ್ಲಿ ಬೆರಳುಗುರಿನಷ್ಟು ಎಲೆ.

"ನೋಡಿದ್ರಾ ಮೇಸ್ತ್ರೀ, ಕಳ್ಳತನ!" ಟೈಲರಕ್ಕನ ದನಿಯಲ್ಲಿ ಸಿಟ್ಟಿಗಿಂತ ನಿರಾಳವೇ ಹೆಚ್ಚಿತ್ತು. ಇಷ್ಟು ದಿನ ಕೊರೆದ ಅನುಮಾನ ಹುಸಿಯಾಗಲಿಲ್ಲವಲ್ಲ.

ಮೇಸ್ತ್ರಿ ಬಗ್ಗಿ ನೋಡಿದ. "ಬೇರು ಚೆನ್ನಾಗಿ ಬಿಟ್ಟಿದೆ," ಎಂದ.

ವಾರಗಿತ್ತಿ ತಲೆ ತಗ್ಗಿಸಲಿಲ್ಲ. "ಹೌದು, ತಗೊಂಡೆ. ಒಂದಲ್ಲ ಒಂದು ದಿನ ಇಲ್ಲಿ ಗೋಡೆ ಎಬ್ಬಿಸ್ತೀರ ಅಂತ ನಂಗೆ ಗೊತ್ತಿತ್ತು. ಆವತ್ತು ನನ್ನ ಕಡೆ ಏನು ಉಳಿಯುತ್ತೆ? ಕೇಳಿದ್ರೆ ಕೊಡ್ತಿದ್ರಾ?"

ಟೈಲರಕ್ಕ ಬಾಯಿ ತೆರೆದಳು. ಕೊಡುತ್ತಿದ್ದೆ ಎಂಬ ಮಾತು ನಾಲಿಗೆಯ ತನಕ ಬಂದು ವಾಪಸು ಹೋಯಿತು.

"ಆದ್ರೆ ನಿಮ್ಮ ಬಳ್ಳಿ ಕೊಂದಿದ್ದು ನಾನಲ್ಲ," ಎಂದಳು ವಾರಗಿತ್ತಿ. "ಆ ದಾರದ ಉಂಡೆ ಕೊಡಿ ಇಲ್ಲಿ. ಸೊಂಟದಲ್ಲೇ ಸಿಕ್ಕಿಸ್ಕೊಂಡು ತಿರುಗ್ತೀರಲ್ಲ. ಬೆರಳು ಚಾಚಿ."

"ಯಾಕೆ?"

"ಚಾಚಿ ಅಂದ್ರೆ ಚಾಚಿ ಅಕ್ಕಾ, ಸೂಜಿ ಚುಚ್ಚಲ್ಲ."

ವಾರಗಿತ್ತಿ ಕೆಂಪು ದಾರವನ್ನು ಟೈಲರಕ್ಕನ ತೋರುಬೆರಳಿಗೆ ಒಂದೇ ಒಂದು ಸುತ್ತು ಬಿಗಿದಳು. ಬೆರಳ ತುದಿ ಮೊದಲು ಕೆಂಪಾಯಿತು, ಆಮೇಲೆ ನೇರಳೆಯಾಯಿತು. ಒಳಗೆ ಜುಮುಜುಮು ಎಂದಿತು.

"ಬಿಚ್ಚೇ, ಸಾಯ್ತೀನಿ!"

"ನೀವು ಇಷ್ಟು ಹೊತ್ತಿಗೇ ಸಾಯ್ತೀರ. ಆ ಚಿಗುರು ಇಷ್ಟು ದಿನ ತಡ್ಕೊಂಡಿದೆ. ಕಟ್ಟಿದಾಗ ಸಣ್ಣಗಿತ್ತು, ಈಗ ದಪ್ಪ ಆಗಿದೆ. ಬೆಳೆಯೋ ಮಕ್ಕಳ ಯೂನಿಫಾರ್ಮಿಗೆ ಒಳಗೆ ಬಟ್ಟೆ ಬಿಟ್ಟು ಹೊಲೀತೀರಲ್ಲ, ಬೆಳೆಯೋ ಬಳ್ಳಿಗೆ ಅಳತೆ ಹಿಡಿದು ಬಿಗಿದಿದ್ದೀರ!"

ಮೇಸ್ತ್ರಿ ನಗು ತಡೆಯಲು ಕೆಮ್ಮಿದ.

ವಾರಗಿತ್ತಿ ಕೈಚೀಲದಿಂದ ಪುಟ್ಟ ಕತ್ತರಿ ತೆಗೆದಳು. ಒಂದು ಬಾಯಿ ಕೊಕ್ಕಿನಂತೆ ಬಾಗಿದ್ದ ಕತ್ತರಿ, ಗಾಯದ ಹೊಲಿಗೆ ಬಿಚ್ಚುವಂಥದ್ದು. ಬೆರಳಿನ ದಾರ ಟಕ್ಕೆಂದು ಬಿಟ್ಟುಕೊಂಡಿತು. ಟೈಲರಕ್ಕ ನೆಲಕ್ಕೆ ಬಿದ್ದ ತುಂಡನ್ನು ಎತ್ತಿ ನೋಡಿದಳು. ಅದೇ ಚೊಕ್ಕ ತುದಿ.

"ಮತ್ತೆ ನನ್ನ ಕಡೆಯದ್ಯಾಕೆ ಬಿಚ್ಚಲಿಲ್ಲ?" ಎಂದು ಕೇಳಿದಳು. ದನಿ ಇಳಿದಿತ್ತು.

"ನಿಮ್ಮ ಕಡೆ ಕಾಲಿಟ್ರೆ ಅದೂ ಕಳ್ಳತನ ಅಂತಿದ್ರಿ. ಏಣಿಯೂ ನಿಮ್ಮದೇ. ನನ್ನ ಸ್ಟೂಲು ನನ್ನ ಬಾಗಿಲ ತನಕ ಅಷ್ಟೇ."

"ಬಾಯಿಬಿಟ್ಟು ಹೇಳಬಹುದಿತ್ತು."

"ಕೈ ಉದ್ದ ಅಂದ್ರಲ್ಲ ಅಕ್ಕಾ. ಆಮೇಲೆ ಬಾಯಿನೂ ಉದ್ದ ಅನ್ನಿಸ್ಕೋಬೇಕಿತ್ತಾ?"

ಟೈಲರಕ್ಕ ಬೆರಳು ತಿಕ್ಕಿಕೊಳ್ಳುತ್ತ ಹೋಗಿ ಏಣಿ ತಂದು ಚಪ್ಪರಕ್ಕೆ ಒರಗಿಸಿದಳು. ಕತ್ತರಿಗೆ ಕೈ ಚಾಚಿದಳು. ವಾರಗಿತ್ತಿ ಒಂದು ಕ್ಷಣ ಅನುಮಾನಿಸಿ, ಕೊಟ್ಟು, ಏಣಿಯ ಕಾಲು ಹಿಡಿದು ನಿಂತಳು.

ಮೇಲೆ ದಾರ ಕಾಣಿಸುತ್ತಲೇ ಇರಲಿಲ್ಲ. ತೊಗಟೆ ಅದರ ಎರಡೂ ಬದಿಗೆ ಉಬ್ಬಿ, ಕೆಂಪು ಗೆರೆ ಒಳಗೆ ಹೂತುಹೋಗಿತ್ತು. ಕತ್ತರಿಯ ಕೊಕ್ಕು ತೂರಿಸಿ ಒಂದೊಂದನ್ನೇ ಬಿಡಿಸಬೇಕಾಯಿತು. ಕೆಲವು ಚಿಗುರು ದಾರ ಬಿಟ್ಟೊಡನೆ ಕೈಯಲ್ಲೇ ಮುರಿದು ಬಂದವು. ಅವನ್ನು ಟೈಲರಕ್ಕ ಕೆಳಗೆ ಎಸೆಯದೆ ಸೆರಗಿನಲ್ಲಿ ಹಾಕಿಕೊಂಡಳು. ಎಷ್ಟು ಹುಷಾರಾಗಿ ಗಂಟು ಹಾಕಿದ್ದೆ ಎಂದುಕೊಂಡಳು. ಒಂದೂ ಸಡಿಲವಾಗಿರಲಿಲ್ಲ.

"ಅಮ್ಮಾ, ಇಟ್ಟಿಗೆ ತರಿಸ್ಲಾ, ಬೇಡ್ವಾ?" ಮೇಸ್ತ್ರಿ ಕೆಳಗಿನಿಂದ ಕೇಳಿದ.

"ತಡೀರಿ ಮೇಸ್ತ್ರೀ. ಇದು ಏಳುತ್ತೋ ಇಲ್ವೋ ನೋಡೋಣ."

"ಏಳದೇ ಇದ್ರೆ?" ಎಂದಳು ವಾರಗಿತ್ತಿ.

"ಏಳದೇ ಇದ್ರೆ ನಿನ್ನ ಬಾಟ್ಲಿಯಲ್ಲಿರೋದನ್ನ ಈ ಕಡೆ ನೆಡ್ತೀನಿ. ಅವೂ ನಂದೇ ತಾನೆ?"

"ಅರ್ಧ."

"ಬೇರು ನಿಂದು ಅಂತಿಟ್ಕೋ. ಕಡ್ಡಿ ನಂದು."

ಮೇಸ್ತ್ರಿ ಹಗ್ಗ ಸುತ್ತಿಕೊಂಡ. ಗೂಟ ಕೀಳುವ ಗೋಜಿಗೆ ಹೋಗಲಿಲ್ಲ. ಈ ಮನೆಯವರ ಮಾತು ನಾಳೆ ಹೇಗಿರುತ್ತದೋ ಎಂಬ ಅನುಮಾನ ಅವನಿಗೂ ಹತ್ತಿತ್ತು.

ಬಿಸಿಲು ಚುರುಕಾಗುವ ಹೊತ್ತಿಗೆ, ಮುರಿದುಹೋದ ಚಿಗುರುಗಳ ಕೆಳಗೆ, ದಾರ ಕಚ್ಚಿದ ಗಾಯಕ್ಕಿಂತ ಈಚೆಗೆ, ಗಿಣ್ಣಿನಲ್ಲಿ ಇನ್ನೊಂದು ಉಣ್ಣೆಮೊಗ್ಗು ಉಬ್ಬಿತು. ಟೈಲರಕ್ಕ ಏಣಿಯ ಮೇಲೆ ನಿಂತು ಅದನ್ನು ಮೊದಲು ನೋಡಿದಾಗ ಕೈ ತಾನಾಗಿ ಸೊಂಟಕ್ಕೆ ಹೋಯಿತು. ದಾರದ ಉಂಡೆ ಬೆರಳಿಗೆ ತಗುಲಿತು. ಅಲ್ಲೇ ಬಿಟ್ಟು ಕೈ ಹಿಂತೆಗೆದಳು. ಆದರೂ ಕತ್ತು ಮಾತ್ರ ಕೇಳಲಿಲ್ಲ, ನಿಧಾನಕ್ಕೆ ಆಚೆ ಬಾಗಿಲ ಮೇಲಿನ ಹಸಿರಿನ ಕಡೆ ತಿರುಗಿತು.

"ಏನಕ್ಕಾ, ನನ್ನ ಕಡೆಯದು ಎಣಿಸ್ತಿದ್ದೀರಾ?" ಕಿಟಕಿಯಿಂದ ವಾರಗಿತ್ತಿ ಕೇಳಿದಳು. ಪರದೆ ಪೂರ್ತಿ ಸರಿದಿತ್ತು.

"ಇಲ್ಲ ಕಣೇ, ನಾನ್ಯಾಕೆ ಎಣಿಸಲಿ," ಎಂದಳು ಟೈಲರಕ್ಕ. ಲೆಕ್ಕ ತಪ್ಪಿಹೋಗಿತ್ತು. ಮತ್ತೆ ಮೊದಲಿನಿಂದ ಶುರು ಮಾಡಿದಳು.