ತಿರುಗಿ ಇಟ್ಟ ಟಿಕಲಿ

ಮೂರನೇ ರೊಟ್ಟಿ ಬಡಿಯುವಾಗ ಫೋನ್ ಬಂತು. ಕೈ ತುಂಬ ಜೋಳದ ಹಿಟ್ಟು. ವರ್ಷಾ ಓಡಿ ಬಂದು ಎತ್ತಿ ಸ್ಪೀಕರ್ ಹಾಕಿದಳು. ಬಸವಕಲ್ಯಾಣದಿಂದ ನನ್ನ ನಾದಿನಿ ಮೀನಾ. ಅಲ್ಲಿ ಮಕ್ಕಳಿಗೆ ವಿಜ್ಞಾನದ ಟ್ಯೂಷನ್ ಹೇಳುತ್ತಾಳೆ. ಹತ್ತನೇತ್ತೆ ಓದುವ ನನ್ನ ಮಗಳಿಗೆ ದಿನಾ ಬೆಳಿಗ್ಗೆ ಫೋನಿನಲ್ಲೇ ಪಾಠ.

"ವೈನಿ, ಐತವಾರ ಆಕೀನ್ನ ಬಸ್ಸಿಗೆ ಹತ್ತಿಸ್ರಿ. ಪರೀಕ್ಷಾ ಮುಗಿಯೋತನಕ ನನ್ನ ಕಡೀನೇ ಇರ್ಲಿ. ನಿಮ್ಮಂಗ ರೊಟ್ಟಿ ಬಡಿಯಾಕ ಬರಂಗಿಲ್ಲ ನನಗ, ಅದೊಂದೇ ಕೊರತಿ," ಎಂದು ನಕ್ಕಳು.

"ವರ್ಷಾ ಹ್ಯಾಂಗ ಅಂತಾಳೋ ಹಂಗ," ಅಂದೆ. ವರ್ಷಾ ಫೋನ್ ಕಿವಿಗೆ ಒತ್ತಿಕೊಂಡು ಹೊರಗಿನ ಕಟ್ಟೆಗೆ ಹೋದಳು.

ಮೀನಾ ಕೆಟ್ಟವಳಾಗಿದ್ದರೆ ನನಗೆ ಸುಲಭವಿತ್ತು. ಆದರೆ ಅತ್ತಿಯ ಜೊತೆ ಮಾತಾಡುವಾಗ ಮಗಳ ದನಿಯಲ್ಲಿ ಬರುವ ಆ ನಗು ನನ್ನ ಹತ್ತಿರ ಬರುವುದಿಲ್ಲ. ನನಗೆ ಬರುವುದು "ಅವ್ವಾ, ಚಾ", "ಅವ್ವಾ, ರಿಬ್ಬನ್ ಎಲ್ಲಿ" ಇಷ್ಟೇ. ನಾನು ಏಳನೇತ್ತೆಗೆ ಸಾಲಿ ಬಿಟ್ಟವಳು. ಐತವಾರದ ಒಳಗೆ ಒಂದು ಸಲ, ಒಂದೇ ಸಲ, ಪಾಠದ ಮಾತು ಅವಳು ನನ್ನನ್ನು ಕೇಳಲಿ ಎಂದು ಆಸೆಪಡುತ್ತಿದ್ದೆ. ಮೂರು ದಿನದಿಂದ ಬೇಳೆ ಆರಿಸುವಾಗ ಅವಳ ಪುಸ್ತಕ ಮೊಣಕಾಲ ಮೇಲಿಟ್ಟು ಓದಿದ್ದೆ.

ವರ್ಷಾ ಒಳಗೆ ಬಂದಳು. ಪುಸ್ತಕ ತೆಗೆದು ಉಪ್ಪಿನ ಪಾಠದ ಹಾಳೆಯನ್ನೇ ನೋಡುತ್ತ ನಿಂತಳು.

"ಏನಾತ?"

"ಏನಿಲ್ಲವ್ವಾ."

"ಅತ್ತಿಗಿ ಏನರ ಕೇಳಬೇಕಿತ್ತೇನು?"

"ಅತ್ತಿ ನನ್ನ ಭಾಳ ಶ್ಯಾಣ್ಯಾಕಿ ಅಂತಾಳ. ಕೇಳಿದ್ರ ದಡ್ಡಿ ಅಂದ್ಕೋತಾಳ."

"ನನ್ನ ಕೇಳು."

"ನಿನಗ ತಿಳ್ಯಂಗಿಲ್ಲ ಬಿಡು."

ಒಲೆ ಸಣ್ಣ ಮಾಡಿದೆ. ಕೈ ತೊಳೆದು, ಎರಡು ತಾಟು ಬೋರಲು ಹಾಕಿ, ಹಣೆಗೆ ಅಂಟಿಸುವ ನನ್ನ ಟಿಕಲಿಯ ಪಾಕೀಟು ತೆಗೆದೆ. ಒಂದು ತಾಟಿನ ಮೇಲೆ ಸುತ್ತಾಗಿ ಎರಡು, ಅದರ ಹೊರಗೆ ಎಂಟು, ತುದಿಯಲ್ಲಿ ಒಂದು. ಇನ್ನೊಂದರ ಮೇಲೆ ಎರಡು, ಎಂಟು, ಏಳು.

"ಇದು ಸೋಡಿಯಂ. ಇದು ಕ್ಲೋರಿನ್. ಟಿಕಲಿ ಅಂದ್ರ ಎಲೆಕ್ಟ್ರಾನ್."

ವರ್ಷಾ ಕಣ್ಣರಳಿಸಿ ಕೂತಳು. "ನಿನಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ನೋಡು. ಇಕಿ ಹತ್ರ ಒಂದು ಹೆಚ್ಚಿಗಿ, ಅಕಿಗಿ ಒಂದು ಕಮ್ಮಿ. ಕೊಟ್ಳು." ಸೋಡಿಯಂನ ತುದಿಯ ಟಿಕಲಿ ಕಿತ್ತು ಕ್ಲೋರಿನ್‌ನ ಏಳರ ಪಕ್ಕ ಅಂಟಿಸಿದೆ. ಆಮೇಲೆ ಪಾಕೀಟಿನಿಂದ ಇನ್ನೊಂದು ತೆಗೆದು ಸೋಡಿಯಂಗೆ ಹಚ್ಚಿದೆ.

"ಇದ್ಯಾಕ?"

"ಕುಂಕುಮ ಹಚ್ಚಿದಾಕಿಗಿ ತಿರುಗಿ ಹಚ್ಚಬೇಕಲ್ಲ. ಬರೇ ಹಣೀಲೆ ಕಳಸ್ತಾರೇನು?"

ವರ್ಷಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತಿಯ ಜೊತೆ ನಗುವ ಅದೇ ನಗು. "ಅವ್ವಾ, ಇದು ನಿನ್ನ ಅರಿಶಿನ ಕುಂಕುಮ ಅಲ್ಲ. ತಿರುಗಿ ಕೊಡಂಗಿಲ್ಲ. ಕೊಟ್ಟದ್ದು ಧನ ಅಯಾನು ಆಗ್ತದ, ಇಸ್ಕೊಂಡದ್ದು ಋಣ ಅಯಾನು. ಅದಕ್ಕ ಒಂದನ್ನೊಂದು ಎಳ್ಕೊಂಡು ಗಟ್ಟಿ ಕೂಡ್ತಾವ. ಅದೇ ಉಪ್ಪು. ತಿರುಗಿ ಕೊಟ್ರ ಎಳ್ಕೊಳ್ಳೋದೇ ಇರಂಗಿಲ್ಲ."

"ಹಂಗೇನು," ಅಂದೆ. ಹೆಚ್ಚಿನ ಟಿಕಲಿ ಅವಳೇ ಉಗುರಿನಿಂದ ಕಿತ್ತಳು. ಹೆಂಚಿನ ಮೇಲೆ ರೊಟ್ಟಿ ಸೀಯುವ ವಾಸನೆ. ನಾನು ಏಳಲಿಲ್ಲ.

ಅವಳು ಟಿಕಲಿಯನ್ನು ಬೆರಳ ತುದಿಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ನಗು ಹೋಗಿತ್ತು.

"ಅವ್ವಾ, ಅತ್ತಿಗಿ ಕೇಳದೇ ಬಿಟ್ಟದ್ದು ಇದು: ಉಪ್ಪು ನೀರಾಗ ಹಾಕಿದ್ರ ಎರಡೂ ಬಿಟ್ಟು ದೂರ ಹೋಗ್ತಾವಂತ. ಅವಾಗ ಕೊಟ್ಟದ್ದು ಸೋಡಿಯಂಗ ತಿರುಗಿ ಸಿಗ್ತದೇನು?"