ಹಿಂದಿನ ಸೀಟಿನ ಮೂಗರ್ಜಿ

ನನ್ನ ಮೇಲೆ ಮೂಗರ್ಜಿ ಬರೆದವನು ನನ್ನ ಚಿಕ್ಕಮ್ಮನ ಮಗ ರಂಗೇಶ್. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗುಟ್ಟು ಇಟ್ಟುಕೊಂಡು ಕೊನೆಗೆ ಬಿಚ್ಚುವಷ್ಟು ತಾಳ್ಮೆ ನನಗಿಲ್ಲ, ಅಂಥ ಮರ್ಯಾದೆಗೆ ಅವನು ತಕ್ಕವನೂ ಅಲ್ಲ.

ನಾನು ಲೋಹಿತಾ. ಮಧುಗಿರಿ ತಾಲ್ಲೂಕು ಕಚೇರಿಯ ಎದುರು ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಪಹಣಿ ತಿದ್ದುಪಡಿ, ಪೋಡಿ, ವಿಧವಾ ವೇತನ, ಏನೇ ಇರಲಿ, ಬಂದವರು ಹೇಳಿ ಮುಗಿಸುವುದರೊಳಗೆ ಟೈಪಾಗಿರುತ್ತದೆ. ನನ್ನ ಪೆಟ್ಟಿಗೆ ಅಂಗಡಿಗೆ ಅಂಟಿಕೊಂಡೇ ರಂಗೇಶನ ಜೆರಾಕ್ಸ್ ಅಂಗಡಿ. ನಡುವೆ ಒಂದು ಪ್ಲೈವುಡ್ ಹಲಗೆ ಅಷ್ಟೆ. ಅವನು ಕೆಮ್ಮಿದರೆ ನನಗೆ ಕೇಳುತ್ತದೆ, ನಾನು ಗೊಣಗಿದರೆ ಅವನಿಗೆ.

ಭಾನುವಾರ ಕಚೇರಿಗೆ ಬೀಗ ಬಿದ್ದರೆ ನಮ್ಮಿಬ್ಬರಿಗೂ ಆಟ. ಮೊಬೈಲಿನಲ್ಲಿ ಆಡುವ ಯುದ್ಧದ ಆಟ. ಅದಕ್ಕೆ ಇಂಗ್ಲಿಷಿನಲ್ಲಿ ಮೊಳದುದ್ದದ ಹೆಸರಿದೆ, ನಾವು ವಿಮಾನದಾಟ ಎನ್ನುತ್ತೇವೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕು ಊರಿಗೆ ನಾಲ್ಕು ತಂಡ. ಪ್ರತಿ ತಂಡದಲ್ಲೂ ಬಂದೂಕು ಹಿಡಿದು ನೆಲದ ಮೇಲೆ ಓಡುವವರು ಹತ್ತು ಜನ, ಮೇಲೊಂದು ವಿಮಾನ. ವಿಮಾನಕ್ಕೆ ಎರಡು ಸೀಟು. ಮುಂದೆ ಕೂತವರು ಹಾರಿಸಬೇಕು, ರಾಕೆಟ್ ಬಿಡಬೇಕು. ಹಿಂದೆ ಕೂತವರ ಮುಖ ಹಿಂದಕ್ಕೇ ಇರುತ್ತದೆ. ಬೆನ್ನಟ್ಟಿ ಬರುವವರನ್ನು ನೋಡಿ ಎಚ್ಚರಿಸುವುದು ಅವರ ಕೆಲಸ. ಮೂರು ವರ್ಷ ಮುಂದೆ ನಾನು, ಹಿಂದೆ ರಂಗೇಶ್. "ಹಿಂದೆ?" ಎಂದು ನಾನು ಕೇಳುವುದು, "ಬಯಲು ಅಕ್ಕ" ಎಂದು ಅವನು ಹೇಳುವುದು. ಬಯಲು ಎಂದರೆ ಹಿಂದೆ ಯಾರೂ ಇಲ್ಲ ಎಂದು. ಅವನು ಹಾಗೆಂದ ಮೇಲೆ ನಾನು ತಿರುಗಿ ನೋಡಿದ್ದೇ ಇಲ್ಲ.

ಹಾರಿಸುವುದನ್ನು ನನಗೆ ಯಾರೂ ಕಲಿಸಲಿಲ್ಲ. ಕೈಗೆ ಕೆಲಸವಿಲ್ಲದ ಹೊತ್ತಿನಲ್ಲಿ ಅಂಗಡಿಯಿಂದ ತಲೆಯೆತ್ತಿದರೆ ನಮ್ಮ ಬೆಟ್ಟ. ಬೋಳು ಬಂಡೆಯ ಪಕ್ಕದಲ್ಲೇ ಹದ್ದುಗಳು ರೆಕ್ಕೆ ಬಡಿಯದೆ ತಿರುಗುತ್ತವೆ. ಆಟದಲ್ಲೂ ಒಂದು ಕಲ್ಲುಬೆಟ್ಟವಿದೆ. ನಾನು ಅದರ ಮರೆಗೆ ಹೋಗಿ, ಎಂಜಿನ್ ಆರಿಸಿ, ಮೂರು ಎಣಿಸಿ, ಆಚೆ ಬದಿಯಿಂದ ಸದ್ದಿಲ್ಲದೆ ಇಳಿಯುತ್ತಿದ್ದೆ. ಕೆಳಗಿನವರು ತಲೆಯೆತ್ತುವಷ್ಟರಲ್ಲಿ ರಾಕೆಟ್ ಬಿದ್ದಿರುತ್ತಿತ್ತು. ಇದು ಕೈಗೆ ಹತ್ತಲು ಒಂದು ವರ್ಷ ಹಿಡಿಯಿತು. ಆ ವರ್ಷ ನೂರಾರು ಸಲ ಬೆಟ್ಟಕ್ಕೆ ಗುದ್ದಿ ಸತ್ತಿದ್ದೇನೆ. ಹಿಂದಿನ ಸೀಟಿನಲ್ಲಿ ರಂಗೇಶನೂ ನನ್ನ ಜೊತೆ ಅಷ್ಟೇ ಸಲ ಸತ್ತಿದ್ದಾನೆ. ನನ್ನ ಕೈ ಹೇಗೆ ಪಳಗಿತೆಂದು ಬಲ್ಲ ಸಾಕ್ಷಿ ಅವನೊಬ್ಬನೇ.

ನಮ್ಮ ಆಟದಲ್ಲಿ ಬಾಯಿಮಾತಿನ ದೂರು ನಡೆಯುವುದಿಲ್ಲ. ಕಚೇರಿ ಸುತ್ತ ಬದುಕುವವರ ಆಟ, ದೂರಿದ್ದರೆ ಅರ್ಜಿಯನ್ನೇ ಕೊಡಬೇಕು, ತಂಡಕ್ಕೆರಡು ಜೆರಾಕ್ಸ್ ಪ್ರತಿ ಇಡಬೇಕು. ತೀರ್ಪು ಹೇಳುವವರು ತೋವಿನಕೆರೆಯ ಅಡವಯ್ಯನವರು, ನಿವೃತ್ತ ಶಿರಸ್ತೇದಾರರು. ಅವರಿಗೆ ಆಡಲು ಬಾರದು, ನೋಡುವ ಹುಚ್ಚು ಮಾತ್ರ ವಿಪರೀತ.

ಫೈನಲ್ ನಮಗೂ ಶಿರಾದವರಿಗೂ ಎಂದು ಗೊತ್ತಾದ ಮೇಲೆ ಅಡವಯ್ಯನವರು ಎಲ್ಲರನ್ನೂ ಕೊರಟಗೆರೆಯ ಹೋಟೆಲೊಂದರ ಮಹಡಿಗೆ ಕರೆಸಿದರು. ಊರಿಗೆ ಇಬ್ಬರಂತೆ ಎಂಟು ಜನ ಸೇರಿದೆವು. ನಮ್ಮ ಕಡೆಯಿಂದ ನಾನು ಮತ್ತು ರಂಗೇಶ್. ಅಡವಯ್ಯನವರು ಕನ್ನಡಕ ಏರಿಸಿ, ಸಹಿಯಿಲ್ಲದ ಅರ್ಜಿಯೊಂದನ್ನು ಓದಿದರು.

"ಮಧುಗಿರಿ ವಿಮಾನ ಗೆಲ್ಲುತ್ತಿರುವುದು ರಾಕೆಟ್ಟುಗಳ ಬಲದಿಂದಲೇ ಹೊರತು ಹಾರಿಸುವವರ ಕೈಚಳಕದಿಂದಲ್ಲ. ಯಾರು ಕೂತರೂ ಇದೇ ಫಲಿತಾಂಶ ಬರುತ್ತದೆ. ಎಂಜಿನ್ ಆರಿಸಿ ಬೆಟ್ಟದ ಮರೆಯಿಂದ ಇಳಿಯುವುದು ತೋರಿಕೆಗೆ ಮಾತ್ರ. ಆದ್ದರಿಂದ ಎಲ್ಲ ವಿಮಾನಗಳಿಗೂ ಎಂಟು ರಾಕೆಟ್ಟಿನ ಬದಲು ನಾಲ್ಕು ಇಡಬೇಕೆಂದು ಪ್ರಾರ್ಥನೆ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಗಲು ಹೊರಟವಳು ಅಲ್ಲೇ ನಿಂತೆ. ಎಂಜಿನ್ ಆರಿಸುತ್ತೇನೆಂದು ಕೆಳಗಿನವರಿಗೆ ಹೇಗೆ ತಿಳಿಯಬೇಕು? ಅವರಿಗೆ ಕಾಣುವುದು ಬರೀ ಬೆಟ್ಟ. ನನ್ನ ಕೈಗೆ ಬಂದ ಪ್ರತಿಯನ್ನು ನೋಡಿದೆ. ಎಡ ಅಂಚಿನಲ್ಲಿ ಮೇಲಿಂದ ಕೆಳಗೆ ಒಂದು ಕಪ್ಪು ಗೆರೆ. ರಂಗೇಶನ ಯಂತ್ರದ ಡ್ರಮ್ಮಿಗೆ ಗೀರು ಬಿದ್ದು ಎಂಟು ತಿಂಗಳಾಗಿತ್ತು. "ಈ ಗೆರೆ ಏನು" ಎಂದು ಕಚೇರಿಯವರು ಕೇಳಿದಾಗಲೆಲ್ಲ ಅವನ ಪರವಾಗಿ ಸಬೂಬು ಹೇಳುತ್ತಿದ್ದವಳು ನಾನೇ. ಪಕ್ಕಕ್ಕೆ ತಿರುಗಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ, ಅವನು ತನ್ನ ಪ್ರತಿಯ ಎಡ ಅಂಚನ್ನು ಮಡಿಸುತ್ತಿದ್ದ.

ಎದುರಿಗೆ ಕೂತಿದ್ದ ಶಿರಾ ತಂಡದ ಪ್ರಸನ್ನಕುಮಾರ್ ಬರೆದಿದ್ದರೆ ಬೈದು ಮರೆಯುತ್ತಿದ್ದೆ. ಕೈಚಳಕವಿಲ್ಲ ಎಂದು ಬರೆಯಲು ಇವನಿಗೆ ಕೈಯಾದರೂ ಹೇಗೆ ಬಂತು?

"ಯಾರು ಕೂತ್ರೂ ಅಷ್ಟೇ ಅಂತ ಬರ್ದೈತಲ್ಲ ಸಾಮಿ, ನೋಡೇ ಬುಡಾಣ," ಎಂದೆ. "ರಂಗೇಶ ಮುಂದೆ ಕೂತ್ಕಳ್ಳಿ. ಎಂಟು ರಾಕೆಟ್ಟೂ ಇರ್ಲಿ. ನಾನು ಹಿಂದೆ ಕೂರ್ತೀನಿ."

"ನಂಗ್ಯಾಕಕ್ಕ, ನಂಗೆ ಬರಕಿಲ್ಲ," ಎಂದು ಅವನು ಗೊಣಗಿದ.

"ಕೂತ್ಕಳ್ಲಾ ಸುಮ್ನೆ."

ಕೂತ. ಉಳಿದವರು ತಂತಮ್ಮ ಮೊಬೈಲಿನಲ್ಲಿ ನೆಲಕ್ಕಿಳಿದರು. ನಾನು ಅವನಿಗೆ ಮೋಸ ಮಾಡಲಿಲ್ಲ. "ಹಿಂದೆ?" ಎಂದು ಕೇಳಿದಾಗಲೆಲ್ಲ ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಮೊದಲ ಸಲ ಎಂಟೂ ರಾಕೆಟ್ಟನ್ನು ಖಾಲಿ ರಸ್ತೆಗೆ ಸುರಿದ. ಎರಡನೆಯ ಸಲ ಬೆಟ್ಟಕ್ಕೆ ಗುದ್ದಿದ. ಮೂರನೆಯ ಸಲ ನನ್ನ ಹಾಗೆ ಎಂಜಿನ್ ಆರಿಸಲು ಹೋಗಿ ಮತ್ತೆ ಹೊತ್ತಿಸುವುದನ್ನೇ ಮರೆತ.

ಅಡವಯ್ಯನವರು ಕನ್ನಡಕ ತೆಗೆದರು. "ಆಯುಧದಾಗೇನಿಲ್ಲ. ಇರೋದೆಲ್ಲ ಈವಮ್ಮನ ಕೈನಾಗೆ."

ಕಣ್ಣು ತುಂಬಿ ಬಂತು. ಮೂರು ವರ್ಷದಲ್ಲಿ ಯಾರೂ ಆಡದ ಮಾತು. ಆದರೆ ಆ ಸಂತೋಷ ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ಉಳಿಯಲಿಲ್ಲ. ಪ್ರಸನ್ನಕುಮಾರ್ ಎದ್ದು ನಿಂತ.

"ಬರಾಬರ್ ಹೇಳಿದ್ರಿ ಯಜಮಾನ್ರೇ. ಹಂಗಾದ್ರೆ ಇನ್ಸಾಫ್ ಏನು? ಕೈ ಜೋರಾಗಿರೋರಿಗೆ ಆಯುಧ ಕಮ್ಮಿ ಇರ್ಬೇಕು. ಲೋಹಿತಕ್ಕನ ವಿಮಾನಕ್ಕೆ ಮಾತ್ರ ನಾಲ್ಕು. ಮಿಕ್ಕೋರಿಗೆ ಎಂಟೇ ಇರ್ಲಿ."

"ಇದು ನ್ಯಾಯಮಾ?" ಎಂದು ಪಾವಗಡದ ಅಂಜನ್ ಕುಮಾರ್ ಸಿಡಿದ. "ಕೆಲ್ಸ ಬಲ್ಲೋರ್ ಕೈ ಕಟ್ಟಾಕ್ತೀರಾ?"

ಅಡವಯ್ಯನವರು ಕೈ ಎತ್ತಿಸಿದರು. ಐದು ಕೈ ಎದ್ದರೆ ಪ್ರಸನ್ನಕುಮಾರನ ಮಾತು ನಡೆಯುತ್ತದೆ, ಇಲ್ಲದಿದ್ದರೆ ಹಳೆಯದೇ. ಶಿರಾದ ಎರಡು ಎದ್ದವು, ಕೊರಟಗೆರೆಯ ಎರಡು ಎದ್ದವು. ಪಾವಗಡದವರು ಕೈಕಟ್ಟಿ ಕೂತರು. ನಾಲ್ಕಕ್ಕೆ ನಾಲ್ಕು, ಬದುಕಿದೆ ಎಂದುಕೊಂಡೆ. ಆಗ ನನ್ನ ಎಡಗಡೆ ಅಂಗಿಯ ತೋಳು ಸರಿದಾಡಿತು. ರಂಗೇಶ್ ಕೈ ಎತ್ತಿದ್ದ.

ಮೆಟ್ಟಿಲ ಬಳಿ ಅವನ ಕೊರಳಪಟ್ಟಿ ಹಿಡಿದೆ. "ಯಾಕ್ಲಾ? ನಾನೇನ್ ಮಾಡಿದ್ನಲಾ ನಿಂಗೆ?"

ಅವನು ಬಿಡಿಸಿಕೊಳ್ಳಲಿಲ್ಲ. "ಮೂರು ವರ್ಷ ಹಿಂದಕ್ ಮುಖ ಮಾಡ್ಕಂಡ್ ಕುಂತಿದ್ದೀನಿ ಕಣಕ್ಕ. ಒಂದ್ ದಪನಾದ್ರೂ ಮುಂದೆ ಕೂರುಸು ಅಂದ್ರೆ ನಕ್ಕುಬುಟ್ಟೆ. ಶಿರಾದೋರು ಮುಂದಿನ ಸೀಟ್ ಕೊಡ್ತೀವಿ ಅಂದವ್ರೆ."

ನಕ್ಕಿದ್ದು ನಿಜ. ನೆನಪಿದೆ. "ಬೆಟ್ಟಕ್ಕೆ ಗುದ್ದೀಯ, ಸುಮ್ನೆ ಕೂತ್ಕ" ಎಂದಿದ್ದೆ. ಹಾಗೆಂದು ನಕ್ಕದ್ದಕ್ಕೆ ಜಗಳವಾಡಬಹುದಿತ್ತು, ನಮ್ಮ ಚಿಕ್ಕಮ್ಮನಿಗೆ ಚಾಡಿ ಹೇಳಬಹುದಿತ್ತು, ಒಂದು ವಾರ ಮಾತು ಬಿಡಬಹುದಿತ್ತು. ಮೂಗರ್ಜಿಯೇ?

ತಂಡ ಬದಲಿಸಲೂ ಅರ್ಜಿ ಬೇಕು. ಮರುದಿನವೇ ಕೊಟ್ಟ. ಈ ಸಲ ಸಹಿಯಿತ್ತು, ಎಡ ಅಂಚಿನಲ್ಲಿ ಗೆರೆಯೂ ಇತ್ತು.

ಫೈನಲ್ ದಿನ ನನ್ನ ಹಿಂದಿನ ಸೀಟಿಗೆ ಬರುತ್ತೇವೆಂದು ಇಬ್ಬರು ಕೇಳಿದರು. ಬೇಡವೆಂದೆ. ಅಲ್ಲಿ ಇನ್ನೊಬ್ಬರನ್ನು ಕೂರಿಸಿ ನಂಬಲು ನನ್ನಿಂದ ಆಗುತ್ತಿರಲಿಲ್ಲ. ನನ್ನ ಅಂಗಡಿಯಲ್ಲಿ ನಾನು, ಹಲಗೆಯ ಆಚೆ ರಂಗೇಶ್. ಅವನು ಅಲ್ಲಿಂದಲೇ ಶಿರಾದ ವಿಮಾನ ಹಾರಿಸುತ್ತಿದ್ದ.

ನನ್ನ ನಾಲ್ಕು ರಾಕೆಟ್ಟನ್ನು ಜೋಪಾನವಾಗಿ ಬಳಸಿದೆ. ಮೂರರಲ್ಲಿ ಶಿರಾದ ಎಂಟು ಜನ ಬಿದ್ದರು. ನೆಲದ ಮೇಲೆ ಉಳಿದವರು ಇಬ್ಬರೇ. ಬೆಟ್ಟದ ಮರೆಗೆ ಹೋಗಿ ಎಂಜಿನ್ ಆರಿಸಿದೆ. ಒಂದು, ಎರಡು, ಮೂರು. ಇಳಿಯುವ ಮುಂಚೆ, ಮೂರು ವರ್ಷದ ಅಭ್ಯಾಸ, ಬಾಯಿ ತಾನಾಗಿಯೇ ಕೇಳಿತು.

"ಹಿಂದೆ?"

"ಬಯಲು ಅಕ್ಕ," ಎಂದಿತು ಹಲಗೆಯ ಆಚೆಯ ದನಿ.

ಅವನೂ ಅಭ್ಯಾಸದಿಂದಲೇ ಹೇಳಿದನೋ, ಬೇಕೆಂದೇ ಹೇಳಿದನೋ, ಇವತ್ತಿಗೂ ನಾನು ಕೇಳಿಲ್ಲ. ನಾನಂತೂ ನಂಬಿದೆ. ಎಲ್ಲ ಗೊತ್ತಿದ್ದೂ ನಂಬಿ, ತಿರುಗಿ ನೋಡದೆ ಇಳಿದೆ. ಹಿಂದೆ ಇದ್ದವನು ಅವನೇ. ಎಂಟು ರಾಕೆಟ್ಟನ್ನೂ ಒಟ್ಟಿಗೆ ಬಿಟ್ಟ. ಏಳು ಬೆಟ್ಟಕ್ಕೆ ಬಡಿದವು. ಒಂದು ಸಾಕಾಯಿತು.