ಬೇಡವೆಂದು ಬಿಟ್ಟ ಕಾಲಂ

ಕಣೇಕಲ್ಲಿನ ನಾಗಮಣಿ ರಾಯದುರ್ಗದ ಒಂದು ಜೀನ್ಸ್ ಕಾರ್ಖಾನೆಯಲ್ಲಿ ಕಂಪ್ಯೂಟರ್ ಆಪರೇಟರ್. ಅವಳ ಬಾಡಿಗೆ ಕೋಣೆಯ ಪಕ್ಕದಲ್ಲಿದ್ದ ಚಿತ್ತಮ್ಮ ರೊಳ್ಳದ ಕಡೆಯವಳು, ಅದೇ ಕಾರ್ಖಾನೆಯಲ್ಲಿ ಚೆಕಿಂಗ್ ಕೆಲಸ. ಹೊಲಿಗೆ ಕೆಟ್ಟಿದ್ದರೆ ಕಂಪ್ಯೂಟರಿನಲ್ಲಿ ಆ ಬಂಡಲಿನ ಮುಂದಿದ್ದ ‘ಪಾಸ್’ ಅನ್ನು ‘ತಡೆ’ ಎಂದು ಬದಲಿಸುತ್ತಿದ್ದಳು. ನಾಗಮಣಿಗೆ ಜ್ವರ ಬಂದಾಗ ರಾಗಿ ಗಂಜಿ ಕಾಸಿ ಕೊಟ್ಟವಳೂ ಅವಳೇ.

ದೀಪಾವಳಿಗೆ ಮುಂಚೆ ಕೆಟ್ಟ ಹೊಲಿಗೆಯ ಮಾಲು ವಾಪಸ್ ಬಂತು. ತಡೆದ ಬಂಡಲುಗಳನ್ನು ಪಾಸ್ ಮಾಡಿದ್ದು ಯಾರೆಂದು ಮ್ಯಾನೇಜರ್ ಯರ್ರಿಸ್ವಾಮಿ ಕೇಳಿದರು. ಡೇಟಾಬೇಸಿನಲ್ಲಿ ಏನೇ ಬದಲಾದರೂ ಅದರ ಜರ್ನಲ್, ಅಂದರೆ ದಾಖಲೆ, ಬದಲಿಸಿದವರ ಹೆಸರಿನೊಂದಿಗೆ ತಾನಾಗಿಯೇ ಎರಡು ಸಾಲು ಬರೆದಿಡುತ್ತದೆ: ಮೊದಲು ಏನಿತ್ತು, ಆಮೇಲೆ ಏನಾಯಿತು. ಅದನ್ನೆಲ್ಲ ಒಂದು ಫೈಲಿಗೆ ಇಳಿಸಿ ಕಳಿಸಿದರೆ ಹೆಡ್ಡಾಫೀಸಿನ ಪ್ರೋಗ್ರಾಂ ಓದಿ ಹೆಸರು ಹೇಳುತ್ತದೆ. ಯಾವ ಸಾಲು ಹಳೆಯದು, ಯಾವುದು ಹೊಸದು ಎಂದು ತಿಳಿಸುವ ಒಂದಕ್ಷರದ ಕಾಲಂ ನಾಗಮಣಿಗೆ ಬೇಡದ ಕಸದಂತೆ ಕಂಡಿತು. ಅದನ್ನು ಬಿಟ್ಟು ಇಳಿಸಿದಳು.

ಆ ಕಾಲಂ ಇಲ್ಲದ್ದರಿಂದ ಪ್ರೋಗ್ರಾಂ ಹಳೆಯದನ್ನೇ ಹೊಸದೆಂದು ಓದಿತು. ತಡೆದವಳು ಪಾಸ್ ಮಾಡಿದವಳಾದಳು. ಎಲ್ಲರ ಮುಂದೆ ಚಿತ್ತಮ್ಮನನ್ನು ಚೆಕಿಂಗ್ ಮೇಜಿನಿಂದ ಎಬ್ಬಿಸಿ ದಾರ ಕತ್ತರಿಸುವ ಕೆಳಗಿನ ಕೆಲಸಕ್ಕೆ ಕೂರಿಸಿದರು. ತಾನು ಮಾಡಿಲ್ಲವೆಂದು ಆಕೆ ಹೇಳುತ್ತಲೇ ಇದ್ದಳು. ನಾಗಮಣಿ ಕೀಬೋರ್ಡಿನಿಂದ ತಲೆ ಎತ್ತಲಿಲ್ಲ. ಆ ವಾರವೇ ಚಿತ್ತಮ್ಮ ಕೋಣೆ ಖಾಲಿ ಮಾಡಿ ಊರಿಗೆ ಹೋದಳು.

ಮುಂದೊಂದು ದಿನ ನಾಗಮಣಿ ತಾನೇ ತಪ್ಪು ಬರೆದಿದ್ದ ಸೈಜನ್ನು ತಿದ್ದಿದಳು. ಎಂದಿನಂತೆ ಆ ಕಾಲಂ ಬಿಟ್ಟು ಫೈಲು ಇಳಿಸಿ ನೋಡಿದರೆ, ಸರಿಯಿದ್ದುದನ್ನು ಅವಳೇ ಕೆಡಿಸಿದಂತೆ ಅದರಲ್ಲಿತ್ತು. ಚಿತ್ತಮ್ಮನ ಹೆಸರೂ ಹೀಗೆಯೇ ಬಂದಿತ್ತೇ ಎಂದು ನೋಡಲು ಹಳೆಯ ಜರ್ನಲನ್ನು ಆ ಕಾಲಂ ಸಮೇತ ಮತ್ತೆ ಇಳಿಸಿದಳು. ಪಾಸ್ ಮಾಡಿದ್ದು ಸೂಪರ್‌ವೈಸರ್ ಜಯಣ್ಣ.

ನಾಗಮಣಿ ಹೋಗಿ ಹೇಳಿದ್ದನ್ನು ಯರ್ರಿಸ್ವಾಮಿ ಬಾಗಿಲು ಮುಚ್ಚಿಕೊಂಡು ಕೇಳಿಸಿಕೊಂಡರು. “ಆಗಿದ್ದು ಆತು. ಆಕೀನ್ನ ವಾಪಸ್ ಕರಸ್ರಿ. ಗದ್ಲ ಬ್ಯಾಡ” ಎಂದರು.

ಭಾನುವಾರ ನಾಗಮಣಿ ಮಡಕಶಿರಾದಲ್ಲಿ ಬಸ್ಸಿಳಿದು ರೊಳ್ಳದ ಆಟೊ ಹತ್ತಿದಳು. ಚಿತ್ತಮ್ಮ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದವಳು ಕೈ ನಿಲ್ಲಿಸದೆಯೇ ಎಲ್ಲವನ್ನೂ ಕೇಳಿಸಿಕೊಂಡಳು.

“ಮಿಷನ್ನಿಗೇನು ಗೊತ್ತಮ್ಮ. ನೀನು ಒಂದ್ಸಲ ತಲೆ ಎತ್ತಿ ನನ್ನ ನೋಡ್ಲಿಲ್ವಲ್ಲ” ಎಂದಳು. ಕೊಯ್ದ ಸೊಪ್ಪನ್ನು ಬುಟ್ಟಿಗೆ ಹಾಕುತ್ತ, “ಇದನ್ನ ಅಲ್ಲಿ ಯಾರ್‌ಗೆ ಹೇಳ್ದೆ?” ಎಂದು ಕೇಳಿದಳು.

“ಮ್ಯಾನೇಜರ್ ಸಾರ್‌ಗೆ ಮಾತ್ರ, ಅಕ್ಕಾ.”

“ನನ್ನ ಎಬ್ಬಿಸಿದ್ದು ಎಲ್ಲಾರ ಮುಂದೆ.”

ಚಿತ್ತಮ್ಮ ನೀರು ಕೊಟ್ಟು, ಆಟೊದವರೆಗೆ ಬಂದು ಕಳಿಸಿದಳು.

ಸೋಮವಾರ ಮಿಷನ್ನುಗಳು ಶುರುವಾಗುವ ಮುಂಚೆ ನಾಗಮಣಿ ಚೆಕಿಂಗ್ ಮೇಜಿನ ಹತ್ತಿರ ನಿಂತು ಹೇಳಿದಳು. ದನಿ ಏಳಲಿಲ್ಲ. ಹಿಂದಿನ ಲೈನಿನಿಂದ ಯಾರೋ ಕೇಳಿಸಲಿಲ್ಲವೆಂದರು. ಬಾಗಿಲಲ್ಲಿ ಯರ್ರಿಸ್ವಾಮಿ ನಿಂತಿದ್ದರು. ಅವಳು ಇನ್ನೊಮ್ಮೆ, ಗಟ್ಟಿಯಾಗಿ ಹೇಳಬೇಕಾಯಿತು: “ಚಿತ್ತಕ್ಕ ಬಂಡಲ್ ತಡದಿದ್ಲು. ಫೈಲ್ ತಪ್ಪು ಮಾಡಿದಾಕಿ ನಾನು.” ಎರಡನೆಯ ಸಲ ಹೇಳುವಾಗ ಮುಖವೆಲ್ಲ ಉರಿಯಿತು.

ಸುದ್ದಿ ರೊಳ್ಳಕ್ಕೆ ಮುಟ್ಟಿತಂತೆ. ಚಿತ್ತಮ್ಮ ಮಾತ್ರ ಕೆಲಸಕ್ಕೆ ಮರಳಲಿಲ್ಲ. ಪಕ್ಕದ ಕೋಣೆಗೆ ಹೊಸಬರು ಬಂದು ಮಾತಾಡಿಸಿದರೂ ನಾಗಮಣಿ ಬಹಳ ದಿನ ಅವರ ಹೊಸ್ತಿಲು ತುಳಿಯಲಿಲ್ಲ.